ವೇದಿಕೆ ಮೇಲೆ ಒಬ್ಬ ಕೇಳುಗ

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ದೊಡ್ಡಾಟ ಇಟ್ಟರೆ, ರಾತ್ರಿ ಹತ್ತಕ್ಕೆ ಕಂಬಳಿ ಹೊದ್ದು ಕೂತ ಜನ ಬೆಳಗಾಗುವ ತನಕ ಏಳುವುದಿಲ್ಲ. ಯುದ್ಧ ಬಂದಾಗ ಎಬ್ಬಿಸಿ ಅಂತ ಹೇಳಿ ಮಕ್ಕಳು ಅಲ್ಲೇ ಮಲಗುತ್ತಾರೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಯಾರು ಗೆಲ್ಲುತ್ತಾರೆ, ಯಾರು ಬೀಳುತ್ತಾರೆ ಅಂತ ಅಜ್ಜಿಯರು ಮೊದಲೇ ಹೇಳಿಬಿಡುತ್ತಾರೆ. ಆದರೂ ಕೂರುತ್ತಾರೆ. ಅದೇ ಊರು, ಅದೇ ಜನ. ಅವರನ್ನೇ ರೈತರ ಸಭೆ ಅಂತ ಕಲ್ಯಾಣ ಮಂಟಪಕ್ಕೆ ಕರೆದರೆ ಅರ್ಧ ಗಂಟೆಯೊಳಗೆ ಒಬ್ಬೊಬ್ಬರೇ ಎದ್ದು ಚಹಾದ ಅಂಗಡಿ ಕಡೆ ಹೋಗುತ್ತಾರೆ. ಒಳಗೆ ನಡೆಯುತ್ತಿರುವ ಮಾತು ಅವರ ಹೊಲದ್ದೇ, ಅವರ ಅನ್ನದ್ದೇ. ಅದಕ್ಕೆ ಕೂರುವುದಿಲ್ಲ. ಇದು ನನ್ನನ್ನು ಬಹಳ ವರ್ಷ ಕಾಡಿದೆ.

ಜನರಿಗೆ ತಾಳ್ಮೆ ಇಲ್ಲ, ಮೊಬೈಲು ಬಂದು ಎಲ್ಲಾ ಕೆಟ್ಟುಹೋಯಿತು ಅಂತ ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದು ನೋಡಿ. ಕೈಲಾಸ ಮಂಟಪದ ಮುಂದೆ ಜನ ನೆಲದ ಮೇಲೆ, ಚಳಿಯಲ್ಲಿ, ಗಂಟೆಗಟ್ಟಲೆ ಕೂತು ಪ್ರವಚನ ಕೇಳುತ್ತಾರೆ. ಅವರ ಜೇಬಿನಲ್ಲೂ ಮೊಬೈಲು ಇದೆ. ತಾಳ್ಮೆ ಕಡಿಮೆಯಾಗಿದ್ದರೆ ಅಲ್ಲಿಯೂ ಕಡಿಮೆಯಾಗಬೇಕಿತ್ತು ಅಲ್ವಾ?

ನಾನು ಮಣ್ಣು ಪರೀಕ್ಷೆಯ ಕೆಲಸದವಳು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಹೊಲಗಳ ಮಣ್ಣು ನನ್ನ ಮೇಜಿನ ಮೇಲೆ ಬರುತ್ತದೆ. ಕೆಲಸದ ಅರ್ಧ ಭಾಗ ಪ್ರಯೋಗಾಲಯದಲ್ಲಿ. ಇನ್ನರ್ಧ ಆ ಮಣ್ಣಿನ ಬಗ್ಗೆ ಜನರಿಗೆ ಹೇಳುವುದರಲ್ಲಿ. ನಾಲ್ಕು ಜನರಿಗೆ ಹೊಲದ ಬದುವಿನ ಮೇಲೆ ನಿಂತು ಹೇಳುವುದು ಸುಲಭ. ಐದಾರು ನೂರು ಜನ ಕೂತ ಮಂಟಪದಲ್ಲಿ ಅದನ್ನೇ ಹೇಳುವುದು ಬೇರೆಯದೇ ಕೆಲಸ. ಆ ಬೇರೆ ಕೆಲಸದ ಬಗ್ಗೆಯೇ ಈ ಬರಹ.

ಸೋಫಾ ಕಡೆ ಮುಖ

ನಮ್ಮ ಸಭೆಗಳ ಕ್ರಮ ನಿಮಗೆ ಗೊತ್ತೇ ಇದೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷರ ಮಾತು. ವಿಷಯ ಹೇಳಲು ಬಂದವರ ಕೈಗೆ ಮೈಕು ಬರುವಾಗ ಅಡುಗೆ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿರುತ್ತದೆ. ಬೆಳಿಗ್ಗೆ ಆರಕ್ಕೆ ಊರು ಬಿಟ್ಟು ಬಂದ ರೈತ ಆ ಹೊತ್ತಿಗೆ ಎರಡು ತಾಸು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನು ಏಳುವುದು ನಮ್ಮ ಮಾತಿಗೆ ಬೇಸತ್ತಲ್ಲ. ನಮ್ಮ ಮಾತು ಶುರುವಾಗುವ ಮೊದಲೇ ಅವನ ಕೇಳುವ ಶಕ್ತಿ ಖರ್ಚಾಗಿರುತ್ತದೆ. ಅದಕ್ಕೆ ನನ್ನನ್ನು ಕರೆದವರಿಗೆ ನಾನು ಈಗ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಸನ್ಮಾನಕ್ಕಿಂತ ಮೊದಲು ನನಗೆ ಮೈಕು ಕೊಡಿ. ಎಷ್ಟೋ ಕಡೆ ಒಪ್ಪುತ್ತಾರೆ. ನಾವೇ ಕೇಳದಿದ್ದರೆ ಯಾರೂ ಯೋಚಿಸುವುದಿಲ್ಲ.

ಇನ್ನೊಂದು ವಿಷಯ ನಾನು ಹಿಂದಿನ ಸಾಲಿನಲ್ಲಿ ಕೂತು ಗಮನಿಸಿದ್ದು. ಮುಂದೆ ಸೋಫಾ ಇರುತ್ತದೆ. ಅಲ್ಲಿ ಅಧಿಕಾರಿಗಳು, ಊರಿನ ಹಿರಿಯರು. ಅವರ ಹಿಂದೆ ಕುರ್ಚಿಗಳು, ಒಂದು ಬದಿಗೆ ಹೆಣ್ಣುಮಕ್ಕಳು, ಬಾಗಿಲ ಹತ್ತಿರ ನಿಂತವರು. ಮಾತಾಡುವವರ ಕಣ್ಣು ಸೋಫಾ ಬಿಟ್ಟು ಹೋಗುವುದಿಲ್ಲ. ಮಾತೂ ಸೋಫಾದ ಮಾತೇ ಆಗುತ್ತದೆ. "ಮಣ್ಣಿನ ವಿದ್ಯುತ್ ವಾಹಕತೆ", "ಸುಸ್ಥಿರ ನಿರ್ವಹಣೆ" ಇವೆಲ್ಲ ಮುಂದಿನ ಸಾಲಿನವರು ತಲೆದೂಗುವ ಮಾತುಗಳು. ಹಿಂದೆ ಕೂತವರಿಗೆ ಇದು ತಮಗೆ ಹೇಳುತ್ತಿರುವ ಮಾತಲ್ಲ ಅಂತ ಬಹಳ ಬೇಗ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಎದ್ದು ಹೋಗುವುದರಲ್ಲಿ ತಪ್ಪೇನಿದೆ?

ಸಿಂಧನೂರಿಗೆ ಹೋಗಿಬಂದು ಮಾಡುವಾಗ ಹತ್ತಿರದಲ್ಲೇ ಇರುವ ಮಸ್ಕಿಯ ಬಂಡೆ ನೆನಪಾಗುತ್ತದೆ. ಅಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ. ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಸಮೇತ ಗಟ್ಟಿಯಾಗಿ ಗೊತ್ತಾಗಿದ್ದು ಆ ಬಂಡೆಯಿಂದ. ಶಾಲೆಯಲ್ಲಿ ನಾವೆಲ್ಲ ಅಷ್ಟನ್ನು ಓದಿರುತ್ತೇವೆ. ನನಗೆ ಹಿಡಿಸಿದ್ದು ಆ ಶಾಸನದ ಕೊನೆಯ ಭಾಗ. ಧರ್ಮದಿಂದ ನಡೆದು ಮುಟ್ಟುವ ಈ ಗುರಿ ದೊಡ್ಡವರಿಗೆ ಮಾತ್ರ ಸಿಗುವುದು ಅಂದುಕೊಳ್ಳಬೇಡಿ, ಸಣ್ಣವರಿಗೂ ಸಿಗುತ್ತದೆ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಅಂತ ಅದರಲ್ಲಿದೆ. ಬರೆಸಿದ್ದು ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ. ಆ ಕಾಲದಲ್ಲಿ ಇಲ್ಲಿ ದನ ಕಾಯುತ್ತಿದ್ದವರು ಅದನ್ನು ನಿಂತು ಓದಿರುವುದು ಕಷ್ಟ. ಯಾರೋ ಒಬ್ಬರು ಅಲ್ಲಿ ನಿಂತು ಓದಿ, ಇವರ ಮಾತಿನಲ್ಲಿ ಬಿಡಿಸಿ ಹೇಳಿರಬೇಕು. ಆ ಮನುಷ್ಯ ಹೇಗೆ ಹೇಳಿರಬಹುದು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ನನ್ನ ಕೆಲಸವೂ ಅದೇ ಆಗಿರುವುದರಿಂದ ಇರಬೇಕು.

ತಂಬೂರಿಯ ಪಕ್ಕದ ದನಿ

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಬುರ್ರಕಥೆಯವರು ಬರುತ್ತಿದ್ದರು. ಈ ಕಲೆಯ ಬಗ್ಗೆ ಹೇಳುವಾಗ ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮನವರ ಹೆಸರು ಮೊದಲು ಬರಬೇಕು. ಅಕ್ಷರ ಕಲಿಯದ ಆ ತಾಯಿ ಕುಮಾರರಾಮನ ಕಥೆಯಂಥ ದೊಡ್ಡ ದೊಡ್ಡ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. 2014ರಲ್ಲಿ ತೀರಿಕೊಂಡರು. ನಮ್ಮೂರಿಗೆ ಬರುತ್ತಿದ್ದವರು ಅವರಷ್ಟು ಹೆಸರಾದವರಲ್ಲ. ಆದರೆ ಹನುಮಪ್ಪನ ಗುಡಿಯ ಮುಂದಿನ ಬಯಲು ತುಂಬಿ, ಸುತ್ತಲಿನ ಮಾಳಿಗೆಗಳ ಮೇಲೂ ಜನ ಕೂರುತ್ತಿದ್ದರು.

ಮೂರು ಜನ. ನಡುವೆ ಕಥೆ ಹೇಳುವ ಹೆಣ್ಣುಮಗಳು, ಹೆಗಲ ಮೇಲೆ ತಂಬೂರಿ. ಎರಡೂ ಬದಿಗೆ ಬುರ್ರ ಬಾರಿಸುವವರು. ನಾನು ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆಗೆ ಒರಗಿ ಕೂತಿದ್ದೆ. ಕಥೆ ಹೇಳುವವಳು ಹಾಡುತ್ತಾ ಎರಡು ಹೆಜ್ಜೆ ಮುಂದೆ ಬಂದು, ಥಟ್ಟನೆ ನಿಲ್ಲಿಸಿ, ಪಕ್ಕದವಳ ಕಡೆ ತಿರುಗುತ್ತಿದ್ದಳು. ಆಮೇಲೆ ಹಾಡಲ್ಲ, ಮಾತು. "ಆಗ ಆ ಕೂಸನ್ನ ಏನ್ ಮಾಡಿದ್ರು ಗೊತ್ತೇನ?" ಅಂತ ಅವಳನ್ನು ಕೇಳುತ್ತಿದ್ದಳು. ಪಕ್ಕದವಳು ಕಣ್ಣು ಅರಳಿಸಿ "ಏನ್ ಮಾಡಿದ್ರವ್ವಾ?" ಅನ್ನುತ್ತಿದ್ದಳು. ನಮ್ಮ ಅಜ್ಜಿಯೂ ಬಾಯೊಳಗೇ "ಏನ್ ಮಾಡಿದ್ರವ್ವಾ" ಅನ್ನುತ್ತಿದ್ದಳು. ಆ ಕಥೆ ಅಜ್ಜಿಗೆ ಪೂರ್ತಿ ಬರುತ್ತಿತ್ತು. ಒಂದು ಕಡೆ ರಾಜ ತಪ್ಪು ತೀರ್ಮಾನ ಮಾಡಿದಾಗ ಪಕ್ಕದವಳು ಬುರ್ರ ನಿಲ್ಲಿಸಿ, "ಇದು ನ್ಯಾಯ ಏನವ್ವಾ?" ಅಂತ ಜಗಳಕ್ಕೇ ನಿಂತಳು. ಮಾಳಿಗೆ ಮೇಲಿಂದ ಯಾರೋ "ಅಲ್ಲ, ಅಲ್ಲ" ಅಂತ ಕೂಗಿದರು. ಕಥೆ ಅಲ್ಲಿಗೆ ಸ್ವಲ್ಪ ಹೊತ್ತು ನಿಂತಿತು. ಊರೇ ಮಾತಾಡಿತು. ಆಮೇಲೆ ಮತ್ತೆ ತಂಬೂರಿ.

ದೊಡ್ಡಾಟದಲ್ಲಿ ಈ ಕೆಲಸವನ್ನು ಸಾರಥಿ ಮಾಡುತ್ತಾನೆ. ರಾಜನೋ ರಾಕ್ಷಸನೋ ರಂಗಕ್ಕೆ ಬಂದ ಕೂಡಲೇ ನೀವು ಯಾರು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಅಂತ ಕೇಳುವವನು ಅವನು. ಕೂತ ಜನರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಅವರ ಪರವಾಗಿ ರಂಗದ ಮೇಲೆ ನಿಂತು ಕೇಳುತ್ತಾನೆ.

ಇದು ನನಗೆ ಹೊಳೆದದ್ದು ಬಹಳ ತಡವಾಗಿ. ನಮ್ಮ ನೆಲದ ಈ ಆಟಗಳಲ್ಲಿ ಹೇಳುವವರು ಸಾವಿರ ಜನರಿಗೆ ನೇರವಾಗಿ ಹೇಳುವುದಿಲ್ಲ. ಪಕ್ಕದಲ್ಲಿ ನಿಂತ ಒಬ್ಬರಿಗೆ ಹೇಳುತ್ತಾರೆ. ಆ ಒಬ್ಬರು ಬೆರಗಾಗುತ್ತಾರೆ, ಅನುಮಾನ ಪಡುತ್ತಾರೆ, ಅರ್ಥವಾಗಲಿಲ್ಲ ಅನ್ನುತ್ತಾರೆ, ಜಗಳ ಮಾಡುತ್ತಾರೆ. ಕೂತ ಜನ ಅವರ ಮೂಲಕ ಕೇಳುತ್ತಾರೆ. ನಮ್ಮ ಸಭೆಗಳಲ್ಲಿ ವೇದಿಕೆ ಮೇಲೆ ಹತ್ತು ಜನ ಇರುತ್ತಾರೆ. ಹತ್ತೂ ಜನ ಹೇಳುವವರೇ. ಕೇಳುವವರು ಒಬ್ಬರೂ ಇರುವುದಿಲ್ಲ.

ಅದಕ್ಕೇ ಒಬ್ಬ ರೈತರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತಾಡೋಣ ಅಂತ ತೀರ್ಮಾನ ಮಾಡಿದೆ.

ಹೊಲದಲ್ಲಿ ಆದ ತಯಾರಿ

ಆ ಸಭೆ ಸಿಂಧನೂರು ಕಡೆಯದು. ವಿಷಯ ಸವಳು, ಜವಳು, ಅಂದರೆ ಉಪ್ಪು ತುಂಬಿ ಕೆಟ್ಟ ಹೊಲ, ನೀರು ನಿಂತು ಕೆಟ್ಟ ಹೊಲ. ಈ ಭಾಗದವರಿಗೆ ಇದನ್ನು ವಿವರಿಸಬೇಕಿಲ್ಲ, ಆದರೂ ಬೇರೆ ಕಡೆಯವರಿಗಾಗಿ ನಾಲ್ಕು ಮಾತು. ತುಂಗಭದ್ರೆಯ ನೀರು 1953ರಲ್ಲಿ ಬಂತು. ಎಡದಂಡೆಯ ಹೆಚ್ಚಿನ ಭಾಗಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತಲೇ ಮೊದಲು ಲೆಕ್ಕ ಹಾಕಿದ್ದು. ನೀರು ಮೊದಲು ಸಿಗುವ ಮೇಲ್ಭಾಗದಲ್ಲಿ ಭತ್ತ ಬಂತು. ಕಪ್ಪು ಎರೆ ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ವರ್ಷಾನುಗಟ್ಟಲೆ ನೀರು ನಿಂತು, ನೆಲದೊಳಗಿನ ನೀರು ಬೇರಿನ ಹತ್ತಿರಕ್ಕೆ ಏರಿತು. ಬೇಸಿಗೆಯಲ್ಲಿ ಆ ನೀರು ಮಣ್ಣಿನ ಸಂದುಗಳಲ್ಲಿ ಮೇಲಕ್ಕೆ ಹತ್ತಿ ಬಂದು ಆರಿಹೋಗುತ್ತದೆ, ಅದರಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಬೆಳ್ಳಗೆ ಹೊಲದ ತುಂಬ ಕಾಣುವುದು ಅದೇ.

ಇದರ ಬಗ್ಗೆ ನನ್ನ ಹತ್ತಿರ ಹೇಳಲು ಬೇಕಾದಷ್ಟಿದೆ. ಅದೇ ತೊಂದರೆ. ಗೊತ್ತಿರುವುದು ಜಾಸ್ತಿ ಇದ್ದವರಿಗೆ ಬಿಡುವುದು ಕಷ್ಟ. ಮಣ್ಣಿನ ಉಪ್ಪು ಅಳೆಯುವ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿ ಸೀಮನ್ಸ್ ದಾಟಿದರೆ ಸವಳು ಅನ್ನುತ್ತೇವೆ. ರಸಸಾರ (ಪಿಎಚ್) 8.5 ದಾಟಿ ಸೋಡಿಯಂ ಜಾಸ್ತಿ ಇದ್ದರೆ ಅದು ಕರ್ಲು, ಬೇರೆ ರೋಗ, ಬೇರೆ ಔಷಧ. ಇವೆಲ್ಲ ನನಗೆ ಮುಖ್ಯ. ಆದರೆ ಐದು ನೂರು ಜನ ಮನೆಗೆ ಹೋಗುವಾಗ ಯಾವ ಒಂದು ಮಾತು ಜೊತೆಗೆ ಹೋಗಬೇಕು ಅಂತ ಕೂತು ಯೋಚಿಸಿದೆ. ಬರೆದು, ಹೊಡೆದು ಹಾಕಿ, ಕೊನೆಗೆ ಉಳಿದದ್ದು ಇಷ್ಟೇ: ನೀರು ಹೊರಗೆ ಹೋಗದೆ ಉಪ್ಪು ಹೋಗುವುದಿಲ್ಲ. ಉಳಿದದ್ದೆಲ್ಲ ಈ ಮಾತಿಗೆ ದಾರಿ ಮಾಡಿಕೊಡಬೇಕು, ಇಲ್ಲದಿದ್ದರೆ ಆ ದಿನದ ಮಾತಿನಲ್ಲಿ ಬರಬಾರದು.

ಅಂಕಿಗಳ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಈ ಕಡೆಯ ಜನರೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಟಿವಿಯಲ್ಲಿ ಎಷ್ಟೊಂದು ಅಂಕಿ ಬಂದವು. ಕ್ಯೂಸೆಕ್ ಎಷ್ಟು, ಟಿಎಂಸಿ ಎಷ್ಟು, ಮಟ್ಟ ಎಷ್ಟು ಅಡಿ. ಇವತ್ತು ಕಾರಟಗಿ ಸಂತೆಯಲ್ಲಿ ಯಾರನ್ನಾದರೂ ಕೇಳಿ. 33 ಗೇಟಿನಲ್ಲಿ 19ನೇದು ಅಂತ ಹೇಳುತ್ತಾರೆ. ಬೇರೆ ಯಾವ ಅಂಕಿಯೂ ಉಳಿದಿಲ್ಲ. ಅದು ಉಳಿದದ್ದು ಯಾಕೆಂದರೆ ಅದಕ್ಕೆ ಒಂದು ಜಾಗ ಇದೆ, ಆ ರಾತ್ರಿ ನಿದ್ದೆ ಬಾರದ ಭಯ ಇದೆ, ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅನ್ನುವ ಲೆಕ್ಕ ಇದೆ. ಅಂಕಿ ಸುಮ್ನೆ ಬಂದು ತಲೆಯಲ್ಲಿ ಕೂರುವುದಿಲ್ಲ. ನನ್ನ ಮಾತಿನಲ್ಲಿ ಒಂದೇ ಅಂಕಿ ಇರಲಿ, ಅದು ಪಕ್ಕದಲ್ಲಿ ನಿಂತವರ ಹೊಲದ್ದೇ ಆಗಿರಲಿ ಅಂತ ಗಟ್ಟಿ ಮಾಡಿಕೊಂಡೆ.

ಪಕ್ಕದಲ್ಲಿ ನಿಲ್ಲಲು ಒಪ್ಪಿದವರನ್ನು ಇಲ್ಲಿ ಕಾಕಾ ಅಂತಲೇ ಕರೆಯುತ್ತೇನೆ. ವಯಸ್ಸು ಅರವತ್ತರ ಮೇಲೆ. ಅವರ ಹೊಲದ ಮಣ್ಣು ನಮ್ಮಲ್ಲಿಗೆ ಬಂದಿತ್ತು. ಸಭೆಯ ಹಿಂದಿನ ವಾರ ಅವರ ಹೊಲಕ್ಕೆ ಹೋಗಿ ಕೂತೆ. ಲ್ಯಾಪ್‌ಟಾಪ್ ತೆಗೆಯಲಿಲ್ಲ. ಅವರು ಹೊಲ ಸುತ್ತಿಸಿದರು. ಮೂಲೆಯಲ್ಲಿ ಸೊಂಟದಷ್ಟು ಆಳದ ಗುಂಡಿ ತೋಡಿಸಿದಾಗ ತಳದಲ್ಲಿ ನೀರು ಜಿನುಗಿತು. "ನೋಡ್ರಿ ಅಕ್ಕಾರ, ಮಳಿ ಬಂದು ತಿಂಗಳಾತು, ಇನ್ನೂ ನೀರು ಐತಿ" ಅಂದರು. ಅಪ್ಪನ ಕಾಲದ ಜೋಳದ ಬಗ್ಗೆ ಹೇಳಿದರು. ಯಾರ ಮಾತು ಕೇಳಿ ಎಷ್ಟು ಚೀಲ ಜಿಪ್ಸಂ ಹಾಕಿದರು ಅಂತ ಹೇಳಿದರು. ಬದುವಿನ ಮೇಲೆ ಕೂತು ರೊಟ್ಟಿ ತಿಂದೆವು. ನನ್ನ ಮಾತಿನ ತಯಾರಿಯಲ್ಲಿ ಮುಕ್ಕಾಲು ಭಾಗ ಆ ಮಧ್ಯಾಹ್ನವೇ ಮುಗಿಯಿತು ಅಂತ ಈಗ ಅನ್ನಿಸುತ್ತದೆ. ಯಾವುದರಿಂದ ಶುರು ಮಾಡಬೇಕು, ಯಾವ ಮಾತು ಯಾವ ಮಾತಿನ ಹಿಂದೆ ಬರಬೇಕು ಎನ್ನುವುದನ್ನು ಅವರ ಪ್ರಶ್ನೆಗಳು ಬಂದ ಕ್ರಮವೇ ಹೇಳಿಕೊಟ್ಟಿತು.

ಅವರಿಗೆ ನಾನು ಮಾತು ಬರೆದುಕೊಡಲಿಲ್ಲ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಬರೆದುಕೊಟ್ಟರೆ ಅವರು ಶಾಲಾ ವಾರ್ಷಿಕೋತ್ಸವದ ಮಕ್ಕಳ ಹಾಗೆ ಒಪ್ಪಿಸುತ್ತಾರೆ, ಕೂತವರಿಗೆ ಅದು ಕೂಡಲೇ ಗೊತ್ತಾಗುತ್ತದೆ. "ಕಾಕಾರ, ನಿಮಗ ತಿಳೀದಿದ್ರ ತಿಳೀಲಿಲ್ಲ ಅನ್ರಿ. ನಾ ಹೇಳಿದ್ದು ಸರಿ ಅನಿಸದಿದ್ರ ಅಲ್ಲೇ ತಡೀರಿ" ಅಂತ ಮಾತ್ರ ಹೇಳಿದ್ದೆ. "ಸಭಾದಾಗ ನಿಮ್ಮನ್ನ ತಡೀಲೇನ್ರಿ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮೈಕಿನ ಹುಡುಗ, ಫ್ಲೆಕ್ಸು, ಒಂದು ಹೆಂಟೆ

ಈಗ ಸ್ವಲ್ಪ ಕೆಲಸದ ಮಾತು. ದೊಡ್ಡ ಸಭೆಯಲ್ಲಿ ಮಾತು ಕೆಡುವುದು ಎಷ್ಟೋ ಸಲ ಇಲ್ಲಿಯೇ.

ನಮ್ಮ ಕಲ್ಯಾಣ ಮಂಟಪಗಳು ಸಿಮೆಂಟಿನ ಬೋಳು ಗೋಡೆಯವು, ಎಷ್ಟೋ ಕಡೆ ಮೇಲೆ ತಗಡು. ಮಾತು ಗೋಡೆಗೆ ಬಡಿದು ತಿರುಗಿ ಬರುತ್ತದೆ. ವೇಗವಾಗಿ ಮಾತಾಡಿದರೆ ಹಿಂದಿನ ಪದ ಸಾಯುವ ಮೊದಲೇ ಮುಂದಿನದು ಬಂದು ಅದರ ಮೇಲೆ ಬೀಳುತ್ತದೆ. ಹಿಂದೆ ಕೂತವರಿಗೆ ಬರೀ ಗುಂಯ್ ಅನ್ನುವ ಸದ್ದು. ಇದಕ್ಕೆ ಜೋರಾಗಿ ಕೂಗುವುದು ಮದ್ದಲ್ಲ, ಕೂಗಿದರೆ ಇನ್ನೂ ಕೆಡುತ್ತದೆ. ವಾಕ್ಯ ಚಿಕ್ಕದು ಮಾಡಬೇಕು, ವಾಕ್ಯದ ಕೊನೆಗೆ ನಿಲ್ಲಬೇಕು. ಹಳ್ಳಿಯಲ್ಲಿ ಡಂಗುರ ಸಾರುವವರು ಹೀಗೇ ಮಾಡುತ್ತಿದ್ದರು. ಹಲಗೆ ಬಾರಿಸಿ, ಜನ ಬಾಗಿಲಿಗೆ ಬರುವ ತನಕ ಕಾಯುತ್ತಿದ್ದರು. ಒಂದು ಮಾತು, ಮತ್ತೆ ಹಲಗೆ, ಇನ್ನೊಂದು ಮಾತು. ಮುಂದಿನ ಓಣಿಯಲ್ಲಿ ಮತ್ತೆ ಅದೇ.

ಸಭೆ ಶುರುವಾಗುವ ಒಂದು ಗಂಟೆ ಮೊದಲು ಹೋಗಿ ಮೈಕ್ ಸೆಟ್ಟಿನ ಹುಡುಗನ ಜೊತೆ ಮಾತಾಡುತ್ತೇನೆ. ಅವನ ಹೆಸರು ಕೇಳುತ್ತೇನೆ, ಚಹಾ ಕುಡಿಸುತ್ತೇನೆ. ಸೌಂಡ್ ಬಾಕ್ಸುಗಳೆಲ್ಲ ವೇದಿಕೆಯ ಪಕ್ಕದಲ್ಲೇ ಇದ್ದರೆ ಮುಂದಿನವರಿಗೆ ಕಿವಿ ಒಡೆಯುತ್ತದೆ, ಹಿಂದಿನವರಿಗೆ ಕೇಳಿಸುವುದಿಲ್ಲ. ಎರಡನ್ನು ಮಂಟಪದ ನಡುವಿಗೆ ತಂದು ಇಟ್ಟರೆ ಅರ್ಧ ತೊಂದರೆ ಮುಗಿಯುತ್ತದೆ. ಮೈಕು ಹಿಡಿದುಕೊಂಡು ಬಾಕ್ಸಿನ ಮುಂದೆ ಹೋಗಬಾರದು, ಹೋದರೆ ಕುಂಯ್ ಅಂತ ಚೀರುತ್ತದೆ. ಮೈಕಿನ ಜಾಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಾರದು. ಎರಡು ಮೈಕು ಬೇಕು ಅಂತ ಮೊದಲೇ ಹೇಳಬೇಕು, ಯಾಕೆಂದರೆ ಪಕ್ಕದಲ್ಲಿ ನಿಂತವರ ಪ್ರಶ್ನೆ ಕೇಳಿಸದಿದ್ದರೆ ನನ್ನ ಉತ್ತರಕ್ಕೆ ಅರ್ಥವೇ ಇಲ್ಲ. ಆಮೇಲೆ ನಾನೇ ಕೊನೆಯ ಸಾಲಿನಲ್ಲಿ ಹೋಗಿ ಕೂತು, ಆ ಹುಡುಗನಿಂದ ವೇದಿಕೆ ಮೇಲೆ ಮಾತಾಡಿಸಿ ಕೇಳುತ್ತೇನೆ. ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಪ್ರೊಜೆಕ್ಟರ್ ಬೇಡ ಅಂತ ನಾನು ಹೇಳುವುದಿಲ್ಲ. ಕತ್ತಲೆ ಮಾಡಬಹುದಾದ ಸಭಾಂಗಣದಲ್ಲಿ ಅದು ಒಳ್ಳೆಯದು. ನಮ್ಮ ಮಂಟಪದಲ್ಲಿ ಹಗಲು ಹನ್ನೊಂದಕ್ಕೆ, ಎಲ್ಲಾ ಕಿಟಕಿ ತೆರೆದಿರುವಾಗ, ಪರದೆ ಮೇಲೆ ಬೆಳ್ಳಗಿನ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಕರೆಂಟು ಹೋದರೆ ಅದೂ ಇಲ್ಲ. ಮೂರು ದೊಡ್ಡ ಫ್ಲೆಕ್ಸು ಮಾಡಿಸಿದೆ. ಒಂದರಲ್ಲಿ ಕಾಕಾ ಅವರ ಹೊಲದ ಫೋಟೊ. ಇನ್ನೊಂದರಲ್ಲಿ ಗುಂಡಿಯ ಅಡ್ಡಸೀಳಿಕೆ ಚಿತ್ರ, ನೀರು ಎಲ್ಲಿದೆ, ಬೇರು ಎಲ್ಲಿದೆ ಅಂತ. ಮೂರನೆಯದರಲ್ಲಿ ಬಸಿಗಾಲುವೆ, ಅಂದರೆ ಹೊಲದಲ್ಲಿ ನಿಂತ ನೀರನ್ನು ಹೊರಗೆ ಒಯ್ಯುವ ಕಾಲುವೆ. ಅಕ್ಷರಗಳು ಬಹಳ ಕಡಿಮೆ. ಓದಲು ಕೊಟ್ಟರೆ ಜನ ಓದುತ್ತಾರೆ, ಆಗ ನನ್ನ ಮಾತು ಕೇಳುವುದಿಲ್ಲ. ಎರಡೂ ಒಟ್ಟಿಗೆ ಯಾರಿಂದಲೂ ಆಗುವುದಿಲ್ಲ.

ಇನ್ನು ಹೆಂಟೆ. ಕಾಕಾ ಅವರ ಹೊಲದಿಂದ ಬಿಳಿ ಉಪ್ಪು ಕಟ್ಟಿದ ಮಣ್ಣಿನ ಹೆಂಟೆಗಳನ್ನು ಬುಟ್ಟಿಯಲ್ಲಿ ತಂದಿದ್ದೆ. ಮಾತು ಶುರು ಮಾಡುವ ಮೊದಲು ಸಾಲು ಸಾಲಿಗೆ ಒಂದೊಂದು ಕೊಟ್ಟು, ನೋಡಿ ಪಕ್ಕದವರಿಗೆ ಕೊಡಿ ಅಂದೆ. ಗಲಾಟೆ ಆಗುತ್ತದೆ ಅಂತ ಸಂಘಟಕರಿಗೆ ಆತಂಕ. ಗಲಾಟೆ ಆಯಿತು. ಜನ ಹೆಂಟೆ ಒಡೆದರು, ಮೂಸಿದರು. ಒಬ್ಬ ಅಜ್ಜ ನಾಲಿಗೆಗೆ ಹಚ್ಚಿ ನೋಡಿ "ನಮ್ಮದಕ್ಕಿಂತ ಜೋರೈತಿ" ಅಂತ ತೀರ್ಪು ಕೊಟ್ಟರು. ಹೆಣ್ಣುಮಕ್ಕಳ ಕಡೆ ಒಂದು ಹೆಂಟೆ ಸುತ್ತಿ ಸುತ್ತಿ ಪುಡಿಯಾಯಿತು. ನಾನು ಇನ್ನೂ ಒಂದು ಮಾತೂ ಆಡಿರಲಿಲ್ಲ. ಐದು ನೂರು ಜನ ಆಗಲೇ ವಿಷಯದ ಒಳಗಿದ್ದರು.

ಆ ದಿನ ನಡೆದ ಮಾತು

ಗಣ್ಯರ ಹೆಸರುಗಳನ್ನು ನಿರೂಪಕರು ಹೇಳಿ ಮುಗಿಸಿದ್ದರು. ನಾನು ಮತ್ತೆ ಹೇಳಲಿಲ್ಲ. ಎಲ್ಲರಿಗೂ ಒಂದು ನಮಸ್ಕಾರ ಹೇಳಿ ಕಾಕಾ ಕಡೆ ತಿರುಗಿದೆ. ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಶುರುವಿಗೆ ದನಿ ನಡುಗುತ್ತಿತ್ತು.

"ಅಕ್ಕಾರ, ಮೊದಲ ಇದೊಂದು ಹೇಳ್ರಿ. ನಮ್ಮಪ್ಪ ಇದ್ದಾಗ ಆ ಹೊಲದಾಗ ಜ್ವಾಳ ಆಳೆತ್ತರ ಬರ್ತಿತ್ತು. ಈಗ ಭತ್ತ ಮೊಣಕಾಲಿಗೆ ನಿಲ್ತೈತಿ. ಹೊಲ ಅದ ಐತಿ. ಬದಲಾಗಿದ್ದು ಏನ್ರಿ?"

"ನೀರು, ಕಾಕಾರ."

"ನೀರು ಬಂದಿದ್ದು ಚಲೋ ಅಲ್ಲೇನ್ರಿ?"

"ಬಂದಿದ್ದು ಚಲೋನ ಆತು. ಬಂದ ನೀರು ತಿರುಗಿ ಹೊರಗ ಹೋಗಲಿಲ್ಲ. ಅಲ್ಲಿ ಕೆಟ್ಟಿತು."

ಅಲ್ಲಿಂದ ಗುಂಡಿಯ ಚಿತ್ರಕ್ಕೆ ಹೋದೆವು. ಸೊಂಟದಷ್ಟು ಆಳ ಅಂದರೆ ಎಷ್ಟು ಅಂತ ಅವರೇ ಸೊಂಟಕ್ಕೆ ಕೈ ಇಟ್ಟು ತೋರಿಸಿದರು. ನಾನು ಹೇಳಬೇಕು ಅಂದುಕೊಂಡಿದ್ದ ಒಂದೇ ಅಂಕಿ ಅದು. ಅವರ ಕೈ ಹೇಳಿತು. ಮೀಟರ್ ಲೆಕ್ಕ ನಾನು ಎತ್ತಲೇ ಇಲ್ಲ. "ಜಿಪ್ಸಂ ಹಾಕೀನಲ್ರಿ, ಚೀಲಗಟ್ಟಲೆ" ಅಂದರು. ಅದು ಸಭೆಯಲ್ಲಿದ್ದ ಎಷ್ಟೋ ಜನರ ಪ್ರಶ್ನೆ, ಕುರ್ಚಿಗಳು ಮುಂದಕ್ಕೆ ಬಾಗಿದ್ದು ನನಗೆ ಕಂಡಿತು. ಜಿಪ್ಸಂ ಕರ್ಲು ಮಣ್ಣಿಗೆ ಮದ್ದು, ಬರೀ ಉಪ್ಪು ತುಂಬಿದ ಸವಳಿಗೆ ಅದರಿಂದ ಉಪಯೋಗ ಇಲ್ಲ, ಸವಳಿಗೆ ಒಳ್ಳೆ ನೀರು ಹಾಯಿಸಿ ಉಪ್ಪನ್ನು ತೊಳೆದು ಹೊರಗೆ ಬಿಡಬೇಕು, ನಿಮ್ಮದು ಯಾವುದು ಅಂತ ಪರೀಕ್ಷೆ ಮಾಡಿಸದೆ ಚೀಲ ತರಬೇಡಿ ಅಂದೆ. "ಹಂಗಾರ ನನ್ನ ರೊಕ್ಕ?" ಅಂತ ಕೇಳಿದರು. ಉತ್ತರ ಹೇಳುವುದು ಕಷ್ಟವಾಗಿತ್ತು. ಹೋಯಿತು ಕಾಕಾ ಅಂತಲೇ ಹೇಳಿದೆ. ಅವರು ಸುಮ್ಮನಾದರು. ಮಂಟಪವೂ ಸುಮ್ಮನಾಯಿತು. ಅಂಗಡಿಯವರು ಹೇಳಿದ್ದನ್ನು ಕೇಳಿ ರೊಕ್ಕ ಸುರಿದವರು ಅಲ್ಲಿ ಅವರೊಬ್ಬರೇ ಇರಲಿಲ್ಲ.

ಆಮೇಲೆ ಬಸಿಗಾಲುವೆ. ನೀರು ಹೊರಗೆ ಹೋಗದೆ ಉಪ್ಪು ಹೋಗುವುದಿಲ್ಲ ಅನ್ನುವ ನನ್ನ ಮಾತಿಗೆ ಬಂದು ಮುಟ್ಟಿದೆವು. ನನ್ನ ಲೆಕ್ಕದಲ್ಲಿ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಕಾಕಾ ಮೈಕು ಕೆಳಗಿಡಲಿಲ್ಲ.

"ಅಕ್ಕಾರ, ಸರಿ. ನಾ ನಾಳೆ ಬಸಿಗಾಲುವಿ ತೆಗೀತೀನಿ. ಕೆಳಗಿನ ಹೊಲದಾಂವ, ನಿನ್ನ ಉಪ್ಪುನೀರು ನನ್ನ ಹೊಲದಾಗ ಯಾಕ ಬಿಡ್ತಿ ಅಂತ ಬಡಿಗಿ ಹಿಡಕೊಂಡು ಬರ್ತಾನ. ಆವಾಗ ನೀವು ಬರ್ತೀರೇನ್ರಿ?"

ಮಂಟಪ ಎದ್ದು ಕೂತಿತು. ಚಪ್ಪಾಳೆ, ಕೂಗು, ಹಿಂದಿನಿಂದ "ಹೌದ್ರಿ, ಅದನ್ನ ಹೇಳ್ರಿ" ಅನ್ನುವ ದನಿಗಳು. ಈ ಪ್ರಶ್ನೆ ಹೊಲದಲ್ಲಿ ಕೂತಾಗ ಬಂದಿರಲಿಲ್ಲ. ಇದಕ್ಕೆ ನನ್ನ ಹತ್ತಿರ ಫ್ಲೆಕ್ಸ್ ಇರಲಿಲ್ಲ. ಮಣ್ಣಿನ ವಿಜ್ಞಾನದಲ್ಲಿ ಇದಕ್ಕೆ ಉತ್ತರವೂ ಇಲ್ಲ. ನಾನು ಸಭೆಯನ್ನೇ ಕೇಳಿದೆ: ಬದು ಹಂಚಿಕೊಂಡವರು, ಮೇಲಿನ ಹೊಲದವರು, ಕೆಳಗಿನ ಹೊಲದವರು, ಇಬ್ಬರೂ ಇಲ್ಲಿ ಬಂದವರು ಯಾರಿದ್ದೀರಿ? ಜನ ತಿರುಗಿ ತಿರುಗಿ ನೋಡಿದರು. ಒಬ್ಬರನ್ನೊಬ್ಬರು ತೋರಿಸಿದರು. ಆಗ ಹೆಣ್ಣುಮಕ್ಕಳ ಕಡೆಯಿಂದ ಒಬ್ಬ ಅವ್ವ ಎದ್ದು ನಿಂತರು. ಮೈಕು ಅವರ ಹತ್ತಿರ ಹೋಗುವ ತನಕ ಕಾಯಲಿಲ್ಲ.

"ಮೊದಲ ಎಲ್ಲಾರ ಹೊಲದ ನೀರೂ ಹಳ್ಳಕ್ಕ ಹೋಗ್ತಿತ್ತು. ಹಳ್ಳಾನ ಮುಚ್ಚಿ ಗದ್ದಿ ಮಾಡೀರಿ. ಈಗ ನೀರು ಎಲ್ಲಿಗೆ ಹೋಗಬೇಕು ಹೇಳ್ರಿ."

ಅದಾದ ಮೇಲೆ ಮಾತಾಡಿದ್ದು ನಾನಲ್ಲ. ನಾನು ಒಂದು ಫ್ಲೆಕ್ಸನ್ನು ಕೆಳಗಿಳಿಸಿ, ಹಿಂದುಗಡೆಯ ಬಿಳಿ ಭಾಗದಲ್ಲಿ ಅವರು ಹೇಳಿದ ಹಾಗೆ ಹಳ್ಳದ ಗೆರೆ ಎಳೆದೆ. ಎಲ್ಲಿ ಮುಚ್ಚಿದೆ, ಎಲ್ಲಿ ಇನ್ನೂ ಹರಿಯುತ್ತದೆ ಅಂತ ಒಬ್ಬೊಬ್ಬರೇ ಬಂದು ತೋರಿಸಿದರು. ಎರಡು ಕಡೆ ಜಗಳವೂ ಆಯಿತು. ಊಟದ ಗಂಟೆ ದಾಟಿತ್ತು.

ಇದು ನಾಟಕ ಆಗುವುದಿಲ್ಲವಾ?

ನನ್ನ ಜೊತೆಯವರೊಬ್ಬರು ಹೀಗೆ ಕೇಳಿದರು. ವಿಜ್ಞಾನಿ ವಿಷಯ ಹೇಳಬೇಕು, ಪಕ್ಕದಲ್ಲಿ ಪಾತ್ರಧಾರಿ ಯಾಕೆ, ಸಭೆ ಹಳಿ ತಪ್ಪಿತಲ್ಲ ಅಂತ. ಅವರ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಹೇಳಬೇಕಾದ ಎಷ್ಟೋ ವಿಷಯ ಆ ದಿನ ಬಿಟ್ಟುಹೋಯಿತು. ಮಣ್ಣಿನ ಮಾದರಿ ತೆಗೆಯುವ ಕ್ರಮವನ್ನು, ಅಂದರೆ ಬದುವಿನ ಮಣ್ಣು ತರಬೇಡಿ, ಹೊಲದ ನಾಲ್ಕಾರು ಕಡೆ ಗುಂಡಿ ತೋಡಿ ಬೆರೆಸಿ ಅರ್ಧ ಕಿಲೋ ತನ್ನಿ ಅನ್ನುವುದನ್ನು, ಕೈಗೆ ಕೊಟ್ಟ ಚೀಟಿಯಲ್ಲಿ ಮಾತ್ರ ಹೇಳಲು ಆಯಿತು. ಆದರೆ ಚೀಟಿಯಲ್ಲಿ ಹೇಳಬಹುದಾದದ್ದನ್ನು ಚೀಟಿಯಲ್ಲೇ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ. ಐದು ನೂರು ಜನ ಒಂದೇ ಜಾಗದಲ್ಲಿ ಸೇರುವುದು ಅಪರೂಪ. ಅವರು ಒಟ್ಟಿಗೆ ಇದ್ದಾಗ ಮಾತ್ರ ಆಗುವಂಥ ಮಾತು ಯಾವುದೋ, ಅದಕ್ಕೆ ಆ ಹೊತ್ತು ಸಲ್ಲಬೇಕು. ಹಳ್ಳದ ಮಾತು ಅಂಥದ್ದು. ಅದನ್ನು ಒಬ್ಬೊಬ್ಬರ ಮನೆಗೆ ಹೋಗಿ ಹೇಳಿ ಪ್ರಯೋಜನ ಇಲ್ಲ, ಮೇಲಿನ ಹೊಲದವರೂ ಕೆಳಗಿನ ಹೊಲದವರೂ ಎದುರುಬದುರು ಇರಬೇಕು.

ಇನ್ನೊಂದು ಮಾತು. ಪಕ್ಕದಲ್ಲಿ ನಿಲ್ಲುವವರನ್ನು ಆರಿಸುವಾಗ ಚೆನ್ನಾಗಿ ಮಾತಾಡುವವರು, ಮುಖಂಡರು ಬೇಡ. ಅವರು ಎರಡನೇ ಭಾಷಣಕಾರರಾಗಿಬಿಡುತ್ತಾರೆ. ನಿಜವಾಗಿ ತೊಂದರೆಯಲ್ಲಿ ಇರುವವರು, ತಿಳಿಯಲಿಲ್ಲ ಅನ್ನಲು ಹಿಂಜರಿಯದವರು ಬೇಕು. ಹೆಣ್ಣುಮಕ್ಕಳು ಸಿಕ್ಕರೆ ಇನ್ನೂ ಒಳ್ಳೆಯದು. ಹಳ್ಳ ಮುಚ್ಚಿದ್ದನ್ನು ಗಟ್ಟಿಯಾಗಿ ಹೇಳಿದ್ದು ಆ ಅವ್ವ ಒಬ್ಬರೇ, ಗಂಡಸರಿಗೆಲ್ಲ ಅದು ಮೊದಲೇ ಗೊತ್ತಿತ್ತು.

ಮುಂದಿನ ಸಭೆ ಮಾನ್ವಿ ಕಡೆ. ಅದು ಕಾಲುವೆಯ ಕೊನೆಯ ಭಾಗ. ಮೇಲೆ ನೀರು ಜಾಸ್ತಿಯಾಗಿ ಹೊಲ ಕೆಟ್ಟರೆ, ಅಲ್ಲಿ ನೀರು ಮುಟ್ಟದೆ ಬೆಳೆ ಒಣಗುತ್ತದೆ. ಇಲ್ಲಿಯ ಫ್ಲೆಕ್ಸು ಅಲ್ಲಿ ನಡೆಯುವುದಿಲ್ಲ, ಇಲ್ಲಿಯ ಒಂದು ಮಾತೂ ಅಲ್ಲಿಗೆ ಸಲ್ಲುವುದಿಲ್ಲ. ಅಲ್ಲಿ ಹತ್ತಿ ಬೆಳೆಯುವ ಒಬ್ಬ ಹೆಣ್ಣುಮಗಳನ್ನು ಕೇಳಿದ್ದೇನೆ. ಮುಂದಿನ ವಾರ ಅವರ ಹೊಲಕ್ಕೆ ಹೋಗಿ ಕೂರಬೇಕು. ಸಿಂಧನೂರಿನ ಕಾಕಾ ಅವರನ್ನೂ ಆ ಸಭೆಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಜಾಸ್ತಿ ನೀರಿನಿಂದ ಹೊಲ ಕಳೆದುಕೊಂಡವರು ಒಂದು ಮೈಕಿನಲ್ಲಿ, ನೀರೇ ಕಾಣದವರು ಇನ್ನೊಂದು ಮೈಕಿನಲ್ಲಿ. ಕೇಳಿದ್ದಕ್ಕೆ ಕಾಕಾ ಒಪ್ಪಿದ್ದಾರೆ. "ಅಲ್ಲಿಯವರು ನನಗ ಬೈದ್ರ?" ಅಂತ ಕೇಳಿದರು. ಬೈಯಬಹುದು ಕಾಕಾ ಅಂದೆ. ಮೂರು ಮೈಕು ಬೇಕು ಅಂತ ಸಂಘಟಕರಿಗೆ ಈಗಲೇ ಹೇಳಿಟ್ಟಿದ್ದೇನೆ.